ಬೀಗ ಬದಲಿಸಿದೆ, ತಪ್ಪು ಹಿಂಜ್‌ನಲ್ಲಿತ್ತು: ವಾಷಿಂಗ್ ಮಷಿನ್ ಬಾಗಿಲಿನ ಹದಿನಾರು ದಿನದ ದುರಸ್ತಿ

ನಮ್ಮದು ಏಳು ವರ್ಷ ಹಳೆಯ ಫ್ರಂಟ್ ಲೋಡ್ ವಾಷಿಂಗ್ ಮಷಿನ್. ಅದರ ಬಾಗಿಲು ಮೊದಲು ತೆರೆಯಲಿಲ್ಲ, ಆಮೇಲೆ ಬೀಗ ಹಿಡಿಯಲಿಲ್ಲ. ಸರಿಪಡಿಸಲು ಹದಿನಾರು ದಿನ ಹಿಡಿಯಿತು. ಅದರಲ್ಲಿ ಮೊದಲ ಎಂಟು ದಿನ ನಾನು ಕೈಯಾಡಿಸಿದ್ದು ತಪ್ಪು ಜಾಗದಲ್ಲಿ. ಕೆಲಸದ ನಡುವೆ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡದ್ದನ್ನು ದಿನದ ಕ್ರಮದಲ್ಲಿ ಬರೆದಿದ್ದೇನೆ. ಎಡವಿದ ಕಡೆಯೆಲ್ಲ ವಿವರವಾಗಿಯೇ ಬರೆದಿದ್ದೇನೆ, ಏಕೆಂದರೆ ಇದೇ ತೊಂದರೆ ಬಂದವರಿಗೆ ಹೆಚ್ಚು ಉಪಯೋಗವಾಗುವ ಭಾಗ ಅದೇ.

ಬಳಸಿದ ಸಾಮಾನು: ನಕ್ಷತ್ರ ತಲೆಯ ಸ್ಕ್ರೂಗಳಿಗೆ ಟಿ20 ಮತ್ತು ಟಿ30 ಬಿಟ್, ಚಪ್ಪಟೆ ಸ್ಕ್ರೂ ಡ್ರೈವರ್, ಇಕ್ಕಳ, ಮಲ್ಟಿಮೀಟರ್, ವರ್ನಿಯರ್ ಕ್ಯಾಲಿಪರ್, ಕಾಗದದ ಅಂಟುಪಟ್ಟಿ, ಪೆನ್ಸಿಲ್, ಒಂದು ತುಂಡು ಸೀಮೆಸುಣ್ಣ, ಟಾರ್ಚ್, ಅಂಚು ತಗ್ಗಿರುವ ತಟ್ಟೆ, ದಪ್ಪ ಬಟ್ಟೆಯ ಕೈಗವಸು. ಕೈಗವಸು ಬೇಕೇ ಬೇಕು. ಮಷಿನ್ನಿನ ಮುಂಭಾಗದ ತಗಡಿನ ಒಳ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ.

ಮೊದಲ ದಿನ, ಶನಿವಾರ: ಬಾಗಿಲು ತೆರೆಯುತ್ತಿಲ್ಲ

ಒಗೆತ ಮುಗಿದು ಅರ್ಧ ಗಂಟೆಯಾದರೂ ಬಾಗಿಲು ಬಿಟ್ಟುಕೊಳ್ಳಲಿಲ್ಲ. ಹಿಡಿಕೆಯನ್ನು ಮೂರು ಬಾರಿ ಬಲವಾಗಿ ಎಳೆದೆ. ಮೂರನೆಯ ಬಾರಿ ಒಳಗೆ ಚಟ್ ಎಂದು ಏನೋ ಮುರಿದ ಸದ್ದಾಯಿತು. ಇದು ಮೊದಲನೆಯ ತಪ್ಪು. ಬೀಗ ಬಿದ್ದಿರುವ ಬಾಗಿಲನ್ನು ಎಳೆದರೆ ಮೊದಲು ಮುರಿಯುವುದು ಹಿಡಿಕೆ. ಪುಣ್ಯಕ್ಕೆ ಅಂದು ಮುರಿದದ್ದು ಹಿಡಿಕೆಯ ಒಳಗಿನ ಒಂದು ಸಣ್ಣ ಪ್ಲಾಸ್ಟಿಕ್ ಅಂಚು ಮಾತ್ರ, ಕೊಕ್ಕೆಗೂ ಅದರ ಸ್ಪ್ರಿಂಗಿಗೂ ಏನೂ ಆಗಿರಲಿಲ್ಲ.

ಪ್ಲಗ್ ತೆಗೆದು ಐದು ನಿಮಿಷ ಕಾದೆ. ಈ ಬಗೆಯ ಹೆಚ್ಚಿನ ಬೀಗಗಳಲ್ಲಿ ಒಂದು ಚಿಕ್ಕ ಬಿಸಿಯಾಗುವ ಬಿಲ್ಲೆ ಮತ್ತು ಎರಡು ಬೇರೆ ಲೋಹಗಳನ್ನು ಬೆಸೆದ ಒಂದು ಪಟ್ಟಿ ಇರುತ್ತದೆ. ವಿದ್ಯುತ್ ಹರಿದಾಗ ಬಿಲ್ಲೆ ಬಿಸಿಯಾಗುತ್ತದೆ, ಪಟ್ಟಿ ಬಾಗುತ್ತದೆ, ಬೀಗದ ಕಡ್ಡಿ ಇಳಿಯುತ್ತದೆ. ವಿದ್ಯುತ್ ಹೋದ ಮೇಲೆ ಅದು ತಣ್ಣಗಾಗಿ ಬಿಡಲು ಒಂದೆರಡು ನಿಮಿಷ ಬೇಕು. ಐದು ನಿಮಿಷವಾದರೂ ಬಿಡುವ ‘ಟಕ್’ ಸದ್ದು ನನಗೆ ಕೇಳಿಸಲಿಲ್ಲ. ಟಾರ್ಚ್ ಹಿಡಿದು ಗಾಜಿನೊಳಗೆ ನೋಡಿದೆ. ಡ್ರಮ್ಮಿನ ತಳದಲ್ಲಿ ನಾಲ್ಕು ಬೆರಳು ನೀರು ನಿಂತಿತ್ತು. ನೀರಿದ್ದರೆ ಮಷಿನ್ ತಾನಾಗಿ ಬಾಗಿಲು ಬಿಡುವುದಿಲ್ಲ, ಬಿಡಲೂಬಾರದು. ಎಳೆಯುವ ಮೊದಲು ಇದನ್ನು ನೋಡಬೇಕಿತ್ತು.

ಕೆಳಗೆ ಬಲ ಮೂಲೆಯಲ್ಲಿರುವ ಚಿಕ್ಕ ಮುಚ್ಚಳ ತೆರೆದೆ. ಅಲ್ಲಿ ಒಂದು ತೆಳು ರಬ್ಬರ್ ಕೊಳವೆ, ಅದರ ಪಕ್ಕದಲ್ಲಿ ತಿರುಗಿಸುವ ಫಿಲ್ಟರ್. ಮೊದಲು ಕೊಳವೆಯಿಂದ ನೀರು ಬಿಟ್ಟೆ, ತಟ್ಟೆಯಲ್ಲಿ ಹಿಡಿದು ಬಕೆಟ್ಟಿಗೆ ಸುರಿಯುತ್ತಾ ಹೋದೆ. ಸುಮಾರು ಆರು ಲೀಟರ್ ಬಂತು. ನೀರು ನಿಂತ ಮೇಲೆ ಫಿಲ್ಟರ್ ತಿರುಗಿಸಿ ತೆಗೆದೆ. ಕೂದಲು, ನೂಲು, ನೆನೆದು ಮುದ್ದೆಯಾದ ಕಾಗದ, ಒಂದು ಅಂಗಿಯ ಗುಂಡಿ. ಗುಂಡಿ ಪಂಪಿನ ರೆಕ್ಕೆಗೆ ಅಡ್ಡ ಸಿಕ್ಕಿಕೊಂಡಿತ್ತು. ಪ್ಲಗ್ ತೆಗೆದಿದೆಯೆಂದು ಇನ್ನೊಮ್ಮೆ ನೋಡಿಕೊಂಡು ಬೆರಳು ಹಾಕಿ ರೆಕ್ಕೆಯನ್ನು ತಿರುಗಿಸಿದೆ. ತಡೆದು ತಡೆದು ತಿರುಗಿತು. ಒಳಗೆ ಆಯಸ್ಕಾಂತ ಇರುವುದರಿಂದ ಅದು ಹಾಗೆಯೇ ತಿರುಗಬೇಕು.

ಅದೇ ಮುಚ್ಚಳದ ಒಳಗೆ ನಮ್ಮ ಮಷಿನ್ನಿನಲ್ಲಿ ತುರ್ತಿಗೆಂದು ಒಂದು ಎಳೆಯುವ ದಾರವಿದೆ. ಅದನ್ನು ಮೆಲ್ಲಗೆ ಕೆಳಕ್ಕೆ ಎಳೆದಾಗ ಬಾಗಿಲು ಬಿಟ್ಟುಕೊಂಡಿತು. ಎಲ್ಲ ಮಷಿನ್ನುಗಳಲ್ಲಿ ಈ ದಾರ ಇರುವುದಿಲ್ಲ. ನೀರು ಪೂರ್ತಿ ಖಾಲಿಯಾಗುವವರೆಗೆ ಅದನ್ನು ಮುಟ್ಟಲೇಬಾರದು.

ಎರಡನೆಯ ದಿನ, ಭಾನುವಾರ: ಈಗ ಬೀಗ ಹಿಡಿಯುತ್ತಿಲ್ಲ

ಫಿಲ್ಟರ್ ತೊಳೆದು ಹಾಕಿ ಬರಿದೇ ಒಮ್ಮೆ ಓಡಿಸೋಣವೆಂದು ಬಾಗಿಲು ಮುಚ್ಚಿ ಗುಂಡಿ ಒತ್ತಿದೆ. ಬೀಗ ಬೀಳುವ ಸದ್ದು ಬರಲಿಲ್ಲ. ಅರೆಗಳಿಗೆಯಲ್ಲಿ ಬಾಗಿಲಿನ ದೋಷದ ಸಂಕೇತ ಮಿನುಗಿತು. ಎರಡು ಬಾರಿ ಹೀಗಾಯಿತು. ಮೂರನೆಯ ಬಾರಿ ಹಿಡಿಯಿತು, ನಾಲ್ಕನೆಯದಕ್ಕೆ ಮತ್ತೆ ಇಲ್ಲ. ಹಿಂದಿನ ದಿನ ನಾನು ಎಳೆದದ್ದರಿಂದ ಬೀಗವೇ ಕೆಟ್ಟಿದೆ ಎಂದು ತೀರ್ಮಾನಿಸಿಬಿಟ್ಟೆ. ಆ ತೀರ್ಮಾನಕ್ಕೆ ನನ್ನ ಬಳಿ ಇದ್ದ ಆಧಾರ ಅಳುಕೊಂದೇ.

ಬೀಗ ತೆಗೆಯುವ ಕ್ರಮ ಹೀಗಿತ್ತು. ಪ್ಲಗ್ ತೆಗೆದು, ಬಾಗಿಲಿನ ಸುತ್ತ ನೀರು ಸೋರದಂತೆ ತಡೆಯುವ ರಬ್ಬರ್ ಗ್ಯಾಸ್ಕೆಟ್ಟಿನ ಹೊರ ಅಂಚನ್ನು ತಗಡಿಗೆ ಬಿಗಿದಿರುವ ತಂತಿಯ ಬಳೆಯನ್ನು ಬಿಡಿಸಬೇಕು. ಬಳೆಯ ಎರಡು ತುದಿಗಳನ್ನು ಒಂದು ಚಿಕ್ಕ ಸ್ಪ್ರಿಂಗ್ ಎಳೆದು ಹಿಡಿದಿರುತ್ತದೆ. ನಮ್ಮದರಲ್ಲಿ ಸ್ಪ್ರಿಂಗ್ ಕೆಳಭಾಗದಲ್ಲಿದೆ. ಅದರ ಕೆಳಗೆ ಸ್ಕ್ರೂ ಡ್ರೈವರ್ ತೂರಿಸಿ ಮೇಲೆತ್ತಿದರೆ ಬಳೆ ಸಡಿಲಾಗಿ ಹೊರಬರುತ್ತದೆ. ಆಮೇಲೆ ಬಲಬದಿಯಲ್ಲಿ ಗ್ಯಾಸ್ಕೆಟ್ ಅನ್ನು ಬೆರಳಲ್ಲಿ ಬಿಡಿಸಿ, ಬೀಗದ ಕಿಂಡಿಯ ಮೇಲೆ ಕೆಳಗೆ ಇರುವ ಎರಡು ಟಿ20 ಸ್ಕ್ರೂ ತೆಗೆಯಬೇಕು. ಬೀಗ ತಗಡಿನ ಹಿಂದೆ ಜಾರುತ್ತದೆ. ಸ್ಕ್ರೂ ಪೂರ್ತಿ ತೆಗೆಯುವ ಮೊದಲೇ ಒಳಗೆ ಕೈ ಹಾಕಿ ಹಿಡಿದಿರಬೇಕು.

ಎರಡನೆಯ ತಪ್ಪು ಇಲ್ಲಿ. ಬಳೆ ಎತ್ತಲು ಬಳಸಿದ ಸ್ಕ್ರೂ ಡ್ರೈವರಿನ ಮೂಲೆಗಳು ಹರಿತವಾಗಿದ್ದವು. ಜಾರಿ ಗ್ಯಾಸ್ಕೆಟ್ಟಿನ ಹೊರ ಅಂಚಿಗೆ ತಗುಲಿ ನಾಲ್ಕು ಮಿಲಿಮೀಟರ್ ಉದ್ದದ ಗಾಯವಾಯಿತು. ಬಾಗಿಲಿನ ಗಾಜು ಒತ್ತಿ ಕೂರುವ ಒಳತುಟಿಗೆ ತಗುಲಿದ್ದರೆ ಗ್ಯಾಸ್ಕೆಟ್ ಪೂರ್ತಿ ಬದಲಿಸಬೇಕಾಗುತ್ತಿತ್ತು, ಅದು ಅರ್ಧ ಮಷಿನ್ ಬಿಚ್ಚುವ ಕೆಲಸ. ಈಗ ಸ್ಕ್ರೂ ಡ್ರೈವರಿನ ತುದಿಗೆ ಎರಡು ಸುತ್ತು ಅಂಟುಪಟ್ಟಿ ಸುತ್ತದೆ ಗ್ಯಾಸ್ಕೆಟ್ ಹತ್ತಿರ ಹೋಗುವುದಿಲ್ಲ.

ಮೂರನೆಯ ತಪ್ಪು ಇನ್ನೂ ದೊಡ್ಡದು. ಬೀಗದ ಮೂರು ಪಿನ್‌ಗಳ ನಡುವೆ ಮಲ್ಟಿಮೀಟರ್ ಹಿಡಿದೆ. ಒಂದು ಜೋಡಿಯಲ್ಲಿ 960 ಓಮ್ ಬಂತು. ಇನ್ನೊಂದು ಜೋಡಿಯಲ್ಲಿ ಏನೂ ಬರಲಿಲ್ಲ, ಸಂಪರ್ಕವೇ ಇಲ್ಲ. ಸಂಪರ್ಕ ಕಡಿದಿದೆ, ಬೀಗ ಸತ್ತಿದೆ ಎಂದು ಬರೆದುಕೊಂಡೆ. ಆದರೆ ಆ ಸಂಪರ್ಕ ಕೂಡುವುದು ಬೀಗ ಬಿದ್ದಾಗ ಮಾತ್ರ. ಬೀಗ ಬೀಳದೆ ಮೋಟಾರಿಗೂ ನೀರಿನ ವಾಲ್ವಿಗೂ ವಿದ್ಯುತ್ ಹೋಗಬಾರದೆಂದೇ ಅದನ್ನು ಹಾಗೆ ಮಾಡಿರುತ್ತಾರೆ. ಕೈಯಲ್ಲಿ ಹಿಡಿದ, ತಣ್ಣಗಿರುವ, ತೆರೆದಿರುವ ಬೀಗದಲ್ಲಿ ಅದು ಬಿಡಿಯಾಗಿಯೇ ಇರಬೇಕು. 960 ಓಮ್ ಬಂದದ್ದು ಬಿಸಿಯಾಗುವ ಬಿಲ್ಲೆ ಸರಿಯಿದೆ ಎಂಬುದರ ಗುರುತು. ಬೀಗದಿಂದ ಬೀಗಕ್ಕೆ ಈ ಅಂಕಿ ಬೇರೆಯಾಗುತ್ತದೆ, ಕೆಲವು ನೂರು ಓಮ್‌ಗಳಿಂದ ಸಾವಿರದ ಆಸುಪಾಸು ಬಂದರೆ ಗಾಬರಿಯಾಗುವಂಥದ್ದೇನೂ ಇಲ್ಲ. ಅಂದರೆ ಮಲ್ಟಿಮೀಟರ್ ನನಗೆ ಬೀಗ ಚೆನ್ನಾಗಿದೆ ಎಂದೇ ಹೇಳುತ್ತಿತ್ತು, ನಾನು ಅದನ್ನು ತಿರುಗಾಮುರುಗಾ ಓದಿದೆ.

ಇನ್ನೊಂದು ಮಾತು. ವಿದ್ಯುತ್ ಹರಿಸಿಕೊಂಡು ಈ ಪಿನ್‌ಗಳನ್ನು ಪರೀಕ್ಷಿಸಲು ಹೋಗಬೇಡಿ. ಅಲ್ಲಿ ಬರುವುದು ಮನೆಯ ಪೂರ್ತಿ ವೋಲ್ಟೇಜ್, ಕೆಳಗೆ ನೀರಿನ ಮಷಿನ್ ಇದೆ. ಪಿನ್‌ಗಳ ನಡುವೆ ತಂತಿ ಕೂಡಿಸಿ ಬೀಗವನ್ನೇ ಬಿಟ್ಟು ಓಡಿಸುವ ಉಪಾಯ ಯಾರು ಹೇಳಿದರೂ ಕೇಳಬೇಡಿ. ಮನೆಯಲ್ಲಿ ಮಕ್ಕಳಿದ್ದರಂತೂ ಅದು ಉಪಾಯವಲ್ಲ, ಅಪಾಯ.

ಐದನೆಯ ದಿನ, ಬುಧವಾರ: ತಪ್ಪು ಬೀಗ

ತರಿಸಿದ ಬೀಗ ಬಂತು. ಆಕಾರ ಅದೇ, ಪಿನ್ ಮೂರೇ, ಆದರೆ ತಂತಿಗಳ ಪ್ಲಗ್ ಕೂರುವ ಜಾಗ ಎದುರು ಬದಿಯಲ್ಲಿತ್ತು. ನಾನು ಮಷಿನ್ನಿನ ಮಾದರಿಯ ಹೆಸರು ನೋಡಿ ತರಿಸಿದ್ದೆ. ನೋಡಬೇಕಾದದ್ದು ಬೀಗದ ಮೈಮೇಲೆ ಅಚ್ಚಾಗಿರುವ ಭಾಗದ ಸಂಖ್ಯೆಯನ್ನು. ಒಂದೇ ಮಾದರಿಯ ಮಷಿನ್ನುಗಳಿಗೂ ಬೇರೆ ಬೇರೆ ಬೀಗ ಹಾಕಿರುತ್ತಾರೆ. ವಾಪಸ್ ಕಳಿಸಿ, ಸಂಖ್ಯೆ ಹಿಡಿದು ಇನ್ನೊಂದಕ್ಕೆ ಹೇಳಿದೆ. ಬಟ್ಟೆಗಳನ್ನೆಲ್ಲ ಕೈಯಲ್ಲೇ ಒಗೆದೆವು.

ಎಂಟನೆಯ ದಿನ, ಶನಿವಾರ: ಹೊಸ ಬೀಗ, ಹಳೆಯ ತೊಂದರೆ

ಸರಿಯಾದ ಬೀಗ ಹಾಕಿದೆ. ಬೀಗ ಕೂರಿಸಲು ಹತ್ತು ನಿಮಿಷ, ಗ್ಯಾಸ್ಕೆಟ್ಟಿನ ಬಳೆ ಮತ್ತೆ ಏರಿಸಲು ಮುಕ್ಕಾಲು ಗಂಟೆ. ಒಂದು ಕಡೆ ಕೂರಿಸಿದರೆ ಇನ್ನೊಂದು ಕಡೆ ಚಿಮ್ಮುತ್ತದೆ. ಕೊನೆಗೆ ಕೈಗೆ ಹತ್ತಿದ ವಿಧಾನ ಇದು: ಬಳೆ ಕೂರುವ ತೋಡಿಗೆ ಒಂದು ಹನಿ ಸಾಬೂನು ನೀರು ಸವರುವುದು, ಬಳೆಯನ್ನು ಮೇಲಿನಿಂದ ಕೂರಿಸುತ್ತಾ ಅಂಗೈ ಅಗಲಕ್ಕೊಂದರಂತೆ ಅಂಟುಪಟ್ಟಿ ಹಾಕಿ ಹಿಡಿಸುವುದು, ಸ್ಪ್ರಿಂಗ್ ಇರುವ ಭಾಗವನ್ನು ಕಟ್ಟಕಡೆಗೆ ಎರಡೂ ಹೆಬ್ಬೆರಳಿನಿಂದ ಅಗಲಿಸಿ ಒಳಗೆ ಬೀಳಿಸುವುದು.

ಪ್ಲಗ್ ಹಾಕಿ ಗುಂಡಿ ಒತ್ತಿದೆ. ಅದೇ ದೋಷ. ಹೊಸ ಬೀಗವೂ ಹಿಡಿಯಲಿಲ್ಲ.

ನೆಲದ ಮೇಲೆ ಕುಳಿತು ಬಾಗಿಲನ್ನೇ ನೋಡುತ್ತಿದ್ದೆ. ಅಮ್ಮ ಬಂದು, ‘ನೀನು ಸುಮ್ಮನೆ ತಳ್ಳುತ್ತಿದ್ದೀಯಲ್ಲ, ಸ್ವಲ್ಪ ಎತ್ತಿ ಹಾಕು, ಹಿಡಿಯುತ್ತದೆ’ ಎಂದರು.

‘ಎತ್ತಿ ಹಾಕುವುದೆಂದರೆ?’

ಅಮ್ಮ ಬಗ್ಗಿ ಹಿಡಿಕೆಯ ಕೆಳಗೆ ಕೈಯಿಟ್ಟು ಬಾಗಿಲನ್ನು ಕೂದಲೆಳೆಯಷ್ಟು ಮೇಲೆತ್ತಿ ಒತ್ತಿದರು. ಮೂರು ಸೆಕೆಂಡಿನಲ್ಲಿ ‘ಟಕ್’ ಎಂದು ಬೀಗ ಬಿತ್ತು.

‘ಯಾವಾಗಿನಿಂದ ಹೀಗೆ ಹಾಕುತ್ತಿದ್ದೀರಿ ಅಮ್ಮ?’

‘ಮೂರು ನಾಲ್ಕು ತಿಂಗಳಾಯಿತೇನೋ. ನಿನಗೆ ಗೊತ್ತಿದೆ ಅಂದುಕೊಂಡಿದ್ದೆ.’

ಎಂಟು ದಿನ ಬಿಚ್ಚಿ ಜೋಡಿಸಿದ ನಾನು ದಿನವೂ ಆ ಮಷಿನ್ ಬಳಸುವವರನ್ನು ಒಂದು ಮಾತು ಕೇಳಿರಲಿಲ್ಲ. ಈ ದಾಖಲೆಯಲ್ಲಿ ನಾನು ಎಣಿಸಿರುವ ತಪ್ಪುಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು.

ಅದೇ ಸಂಜೆ ಸೀಮೆಸುಣ್ಣದ ಪರೀಕ್ಷೆ ಮಾಡಿದೆ. ಪ್ಲಗ್ ತೆಗೆದು, ಬಾಗಿಲಿನ ಲೋಹದ ಕೊಕ್ಕೆಯ ತುದಿಗೂ ಅಡಿಗೂ ಸೀಮೆಸುಣ್ಣದ ಪುಡಿ ಉಜ್ಜಿದೆ. ಬಾಗಿಲನ್ನು ಎತ್ತದೆ, ತನ್ನ ಭಾರಕ್ಕೆ ಬಿಟ್ಟು ಮುಚ್ಚಿ ತೆರೆದೆ. ಕೊಕ್ಕೆ ಕಿಂಡಿಯ ನಡುವೆ ನೇರವಾಗಿ ಹೋಗಬೇಕಿತ್ತು. ಬಿಳಿ ಗೀಟು ಬಿದ್ದಿದ್ದದ್ದು ಕಿಂಡಿಯ ಕೆಳ ಅಂಚಿನ ಮೇಲೆ. ಪಕ್ಕದಲ್ಲಿಟ್ಟಿದ್ದ ಹಳೆಯ ಬೀಗವನ್ನು ಬೆಳಕಿಗೆ ಹಿಡಿದು ನೋಡಿದೆ. ಅದರ ಕಿಂಡಿಯ ಕೆಳ ಅಂಚಿನಲ್ಲೂ ಅದೇ ಜಾಗದಲ್ಲಿ ಪ್ಲಾಸ್ಟಿಕ್ ಸವೆದು ನುಣುಪಾಗಿ, ಉಗುರಿಗೆ ಸಿಗುವಷ್ಟು ಆಳದ ತಗ್ಗು ಬಿದ್ದಿತ್ತು. ತಿಂಗಳುಗಟ್ಟಲೆ ಕೊಕ್ಕೆ ಅಲ್ಲಿ ಉಜ್ಜಿದ ಗುರುತು ಅದು. ಬೀಗ ಬಿಚ್ಚಿದ ಭಾನುವಾರವೂ ಅದು ನನ್ನ ಕೈಯಲ್ಲೇ ಇತ್ತು.

ಕೊಕ್ಕೆ ಕೆಳ ಅಂಚಿನ ಮೇಲೆ ಏರಿ ಕುಳಿತರೆ ಒಳಗೆ ಹೋಗುತ್ತದೆ, ಆದರೆ ಪೂರ್ತಿ ಹೋಗುವುದಿಲ್ಲ. ಬೀಗದೊಳಗಿನ ಜಾರುಪಟ್ಟಿ ಅರ್ಧ ಸರಿದು ನಿಲ್ಲುತ್ತದೆ, ಕಡ್ಡಿ ಇಳಿಯಬೇಕಾದ ತೂತು ಕಡ್ಡಿಯ ನೇರಕ್ಕೆ ಬರುವುದಿಲ್ಲ. ಬಾಗಿಲು ಮುಚ್ಚಿದಂತೆಯೇ ಕಾಣುತ್ತದೆ, ಮಷಿನ್ ಮಾತ್ರ ಒಪ್ಪುವುದಿಲ್ಲ.

ಒಂಬತ್ತನೆಯ ದಿನ, ಭಾನುವಾರ: ಹಿಂಜ್

ಬಾಗಿಲಿನ ಬಲ ಅಂಚಿನ ಪಕ್ಕದಲ್ಲಿ ತಗಡಿನ ಮೇಲೆ ಅಂಟುಪಟ್ಟಿ ಅಂಟಿಸಿದೆ. ಬಾಗಿಲನ್ನು ಬೀಗಕ್ಕೆ ತಾಗುವ ಮುನ್ನ ನಿಲ್ಲಿಸಿ, ಹಿಡಿಕೆಯ ಕೆಳ ಅಂಚಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದೆ. ಅಮ್ಮನಂತೆ ಎತ್ತಿ ಹಿಡಿದು ಇನ್ನೊಂದು ಗೆರೆ. ಎರಡರ ನಡುವೆ ನಾಲ್ಕು ಮಿಲಿಮೀಟರ್. ಹೊಸ ಬಾಗಿಲಿನಲ್ಲಿ ಈ ಎರಡು ಗೆರೆ ಹೆಚ್ಚು ಕಡಿಮೆ ಒಂದೇ ಆಗಬೇಕು.

ಮೊದಲು ಹಿಂಜ್‌ನ, ಅಂದರೆ ಬಾಗಿಲು ತಿರುಗುವ ಕೀಲಿನ, ಸ್ಕ್ರೂಗಳನ್ನು ನೋಡಿದೆ. ಮೇಲಿನದು ಒಂದೂವರೆ ಸುತ್ತು ಸಡಿಲವಾಗಿತ್ತು. ಬಿಗಿದ ಮೇಲೆ ಜೋಲು ಮೂರು ಮಿಲಿಮೀಟರಿಗೆ ಇಳಿಯಿತು. ಹತ್ತು ಬಾರಿ ಮುಚ್ಚಿದರೆ ನಾಲ್ಕು ಬಾರಿ ಬೀಗ ಹಿಡಿಯಿತು. ಸಾಲದು.

ಆಮೇಲೆ ಮಾಡಿದ ಉಪಾಯ ಪೂರ್ತಿ ವಿಫಲ. ಕೆಳಗಿನ ಹಿಂಜ್ ಸ್ಕ್ರೂಗಳ ಹಿಂದೆ ಒಂದು ಮಿಲಿಮೀಟರ್ ದಪ್ಪದ ವಾಷರ್ ಕೊಟ್ಟರೆ ಬಾಗಿಲು ಮೇಲೇಳುತ್ತದೆ ಎಂದುಕೊಂಡೆ. ಮರದ ಬಾಗಿಲಿಗೆ ಚೌಕಟ್ಟಿನ ಪಕ್ಕದಲ್ಲಿ ಹಾಗೆ ಕೊಡುವುದುಂಟು. ಇಲ್ಲಿ ಹಿಂಜ್ ತಗಡಿನ ಮುಖಕ್ಕೇ ಕೂರುತ್ತದೆ. ಹಿಂದೆ ವಾಷರ್ ಕೊಟ್ಟಾಗ ಬಾಗಿಲು ಮೇಲೇಳಲಿಲ್ಲ, ಅದರ ಕೆಳಭಾಗ ಮುಂದಕ್ಕೆ ಸರಿಯಿತು. ಗಾಜು ಗ್ಯಾಸ್ಕೆಟ್ಟಿನಿಂದ ದೂರವಾಗಿ, ಎತ್ತಿ ಮುಚ್ಚಿ ನೀರು ತುಂಬಿಸಿದ ಇಪ್ಪತ್ತು ನಿಮಿಷಕ್ಕೆ ಕೆಳಗಿನಿಂದ ಹನಿ ಹನಿಯಾಗಿ ಸೋರತೊಡಗಿತು. ನಿಲ್ಲಿಸಿ, ನೀರು ಬಿಟ್ಟು, ವಾಷರ್ ತೆಗೆದೆ.

ಬಾಗಿಲನ್ನೇ ಇಳಿಸದೆ ಬೇರೆ ದಾರಿ ಇರಲಿಲ್ಲ. ಗಾಜು ಇರುವುದರಿಂದ ಅದು ನೋಡುವುದಕ್ಕಿಂತ ಭಾರ. ಕೆಳಗೆ ಸರಿಯಾದ ಎತ್ತರಕ್ಕೆ ಪುಸ್ತಕಗಳನ್ನು ಒಟ್ಟಿ, ಮೇಲೆ ಟವೆಲ್ ಹಾಸಿ, ಬಾಗಿಲು ಅದರ ಮೇಲೆ ಕೂತ ಮೇಲೆ ಟಿ30 ಸ್ಕ್ರೂಗಳನ್ನು ತೆಗೆದೆ. ಕೊನೆಯ ಸ್ಕ್ರೂ ತೆಗೆಯುವಾಗ ಅಮ್ಮ ಹಿಡಿದುಕೊಂಡಿದ್ದರು.

ನಮ್ಮ ಹಿಂಜ್‌ನಲ್ಲಿ ಮೇಲೊಂದು ಕೆಳಗೊಂದು ಉಕ್ಕಿನ ಗೂಟ, ಪ್ರತಿಯೊಂದಕ್ಕೂ ಪ್ಲಾಸ್ಟಿಕ್ ಬುಷ್, ಅಂದರೆ ಗೂಟ ಒಳಗೆ ಕೂತು ತಿರುಗುವ ಚಿಕ್ಕ ಕೊಳವೆ. ಕೆಳಗಿನ ಬುಷ್ ಹೆಚ್ಚೇನೂ ಸವೆದಿರಲಿಲ್ಲ. ಮೇಲಿನದನ್ನು ಬೆರಳ ತುದಿಯಲ್ಲಿ ತಿರುಗಿಸಿದಾಗಲೇ ಗೊತ್ತಾಯಿತು, ತೂತು ದುಂಡಗಿಲ್ಲ, ಮೊಟ್ಟೆಯಾಕಾರಕ್ಕೆ ಬಂದಿದೆ. ಗೋಡೆಯ ದಪ್ಪ ಒಂದು ಬದಿಯಲ್ಲಿ 1.5 ಮಿಲಿಮೀಟರ್, ಹಿಡಿಕೆಯ ಕಡೆಗಿನ ಬದಿಯಲ್ಲಿ 0.8. ಸವೆದದ್ದು ಬರೀ 0.7 ಮಿಲಿಮೀಟರ್. ಅಷ್ಟಕ್ಕೆ ಬಾಗಿಲು ಮೂರು ಮಿಲಿಮೀಟರ್ ಜೋಲುವುದು ಹೇಗೆಂದು ಅಳೆದು ನೋಡಿದೆ. ಎರಡು ಗೂಟಗಳ ನಡುವಿನ ಅಂತರ 8 ಸೆಂಟಿಮೀಟರ್, ಗೂಟದಿಂದ ಹಿಡಿಕೆಗೆ 32. ಹಿಂಜ್‌ನ ಸವೆತ ಹಿಡಿಕೆಯ ಬಳಿ ನಾಲ್ಕು ಪಟ್ಟಾಗುತ್ತದೆ. ಲೆಕ್ಕ ಕೂಡಿಬಂದಾಗ ಅಷ್ಟು ದಿನದ ಗೊಂದಲವೆಲ್ಲ ಒಮ್ಮೆಗೇ ಇಳಿಯಿತು.

ಹೊಸ ಹಿಂಜ್‌ಗೆ ಹೇಳಿದೆ, ಬುಷ್ ಮಾತ್ರ ಬಿಡಿಯಾಗಿ ಸಿಗಲಿಲ್ಲ. ಈ ಸಲ ಅಚ್ಚಾಗಿದ್ದ ಸಂಖ್ಯೆ ನೋಡಿಯೇ ತರಿಸಿದೆ. ಅಲ್ಲಿಯವರೆಗೆ ತಾತ್ಕಾಲಿಕವಾಗಿ ನೀರಿನ ಬಾಟಲಿಯ ಪ್ಲಾಸ್ಟಿಕ್‌ನಿಂದ 0.3 ಮಿಲಿಮೀಟರ್ ದಪ್ಪದ ಎರಡು ಪಟ್ಟಿ ಕತ್ತರಿಸಿ, ಸವೆದ ಬದಿಯಲ್ಲಿ ಮಾತ್ರ ಗೂಟಕ್ಕೂ ಬುಷ್‌ಗೂ ನಡುವೆ ಸೇರಿಸಿದೆ. ಮೊದಲು ಗೂಟದ ಸುತ್ತಲೂ ಸುತ್ತಿ ನೋಡಿದ್ದೆ, ಸವೆಯದ ಬದಿಯಲ್ಲಿ ಜಾಗವಿಲ್ಲದೆ ಬಾಗಿಲು ಬಿಗಿಯಾಯಿತು. ಅರ್ಧ ಸುತ್ತಿಗೆ ಇಳಿಸಿದ ಮೇಲೆ ಸರಾಗವಾಯಿತು. ಜೋಲು ಅರ್ಧ ಮಿಲಿಮೀಟರ್. ಸೀಮೆಸುಣ್ಣದ ಗೀಟು ಅಂಚಿನಿಂದ ಮಾಯವಾಯಿತು. ಹತ್ತಕ್ಕೆ ಹತ್ತು ಬಾರಿ ಬೀಗ ಹಿಡಿಯಿತು.

ಹತ್ತನೆಯ ದಿನ, ಸೋಮವಾರ: ಹಳೆಯ ಬೀಗ ಮರಳಿ ಮನೆಗೆ

ಹಳೆಯ ಬೀಗ ನಿಜಕ್ಕೂ ಕೆಟ್ಟಿತ್ತೇ ಎಂದು ತಿಳಿಯದೆ ಸಮಾಧಾನವಾಗಲಿಲ್ಲ. ಬಳೆ ಬಿಡಿಸಿ, ಹೊಸ ಬೀಗ ತೆಗೆದು, ಹಳೆಯದನ್ನೇ ಹಾಕಿದೆ. ಮೊದಲ ಒತ್ತಿಗೇ ಹಿಡಿಯಿತು. ಐದು ಬಾರಿ ನೋಡಿದೆ, ಐದೂ ಬಾರಿ ಮೂರು ಸೆಕೆಂಡಿನೊಳಗೆ ಬಿತ್ತು. ಪ್ಲಗ್ ತೆಗೆದ ಒಂದೂವರೆ ನಿಮಿಷಕ್ಕೆ ಬಿಟ್ಟುಕೊಂಡಿತು. ಕಿಂಡಿಯ ಅಂಚಿನ ಸವೆತ ಕೊಕ್ಕೆಗೆ ಅಡ್ಡ ಬರುತ್ತಿಲ್ಲವಾದ್ದರಿಂದ ಅದನ್ನೇ ಉಳಿಸಿದೆ. ಹೊಸ ಬೀಗ ಪೆಟ್ಟಿಗೆಯಲ್ಲಿದೆ. ಅದಕ್ಕೆ ಕೊಟ್ಟ ಹಣ ಇಡೀ ದುರಸ್ತಿಯಲ್ಲಿ ಅತಿ ದೊಡ್ಡ ಖರ್ಚು, ಹಿಂಜ್ ಅದರ ಅರ್ಧಕ್ಕೂ ಕಡಿಮೆಗೆ ಬಂತು. ಬಳೆ ಏರಿಸುವುದಕ್ಕೆ ಈ ಬಾರಿ ಹನ್ನೆರಡು ನಿಮಿಷ ಸಾಕಾಯಿತು.

ಹದಿನಾರನೆಯ ದಿನ, ಭಾನುವಾರ: ಹೊಸ ಹಿಂಜ್

ಬಾಗಿಲು ಇಳಿಸಿ, ಹಿಂಜ್ ಬದಲಿಸಿ, ಏರಿಸಲು ನಲವತ್ತು ನಿಮಿಷ. ಸ್ಕ್ರೂಗಳನ್ನು ಒಂದೇ ಸಲಕ್ಕೆ ಬಿಗಿಯಲಿಲ್ಲ. ಎಲ್ಲವನ್ನೂ ಅರ್ಧ ಬಿಗಿದು, ಬಾಗಿಲು ಮುಚ್ಚಿ, ಕೊಕ್ಕೆ ಕಿಂಡಿಯ ನಡುವೆ ಕೂತಿದೆಯೆಂದು ಸೀಮೆಸುಣ್ಣದಲ್ಲಿ ನೋಡಿ, ಆಮೇಲೆ ಪೂರ್ತಿ ಬಿಗಿದೆ. ಈ ಬಾರಿ ಎರಡು ಪೆನ್ಸಿಲ್ ಗೆರೆಗಳ ನಡುವೆ ಅಂತರ ಕಾಣಲಿಲ್ಲ. ಗ್ಯಾಸ್ಕೆಟ್ಟಿನ ಗಾಯ ಹೊರ ಅಂಚಿನಲ್ಲಿದ್ದರೂ ಅನುಮಾನ ಬೇಡವೆಂದು ಪೂರ್ತಿ ಒಗೆತ ಓಡಿಸಿ, ಕೊನೆಯಲ್ಲಿ ಒಣ ಕಾಗದವನ್ನು ಸುತ್ತಲೂ ಒತ್ತಿ ನೋಡಿದೆ. ಎಲ್ಲೂ ಒದ್ದೆಯಾಗಲಿಲ್ಲ.

ಉಳಿದದ್ದು ಒಂದು ಪ್ರಶ್ನೆ. ಮೇಲಿನ ಬುಷ್ ಮಾತ್ರ, ಅದೂ ಹಿಡಿಕೆಯ ಕಡೆಗೆ ಮಾತ್ರ ಸವೆದಿದ್ದೇಕೆ? ಬಾಗಿಲಿನ ಹೊರ ತುದಿಯ ಮೇಲೆ ಯಾರೋ ಭಾರ ಹಾಕಿದರೆ ಮೇಲಿನ ಗೂಟ ಆ ಕಡೆಗೇ ಎಳೆಯಲ್ಪಡುತ್ತದೆ. ಬಟ್ಟೆಯ ಬುಟ್ಟಿ ಇಡುತ್ತೇವೆಯೇ, ಟವೆಲ್ ನೇತುಹಾಕುತ್ತೇವೆಯೇ ಎಂದು ಯೋಚಿಸುತ್ತಿದ್ದೆ. ಸಂಜೆ ಅಮ್ಮ ಬಟ್ಟೆ ತೆಗೆಯುವುದನ್ನು ನೋಡಿದೆ. ಅವರು ನೆಲದ ಮೇಲೆ ಕುಳಿತು ಬಟ್ಟೆಯೆಲ್ಲ ಬುಟ್ಟಿಗೆ ಹಾಕಿದರು. ಏಳುವಾಗ ಎಡಗೈಯನ್ನು ಮೊಣಕಾಲಿನ ಮೇಲಿಟ್ಟು, ಬಲಗೈಯನ್ನು ತೆರೆದ ಬಾಗಿಲಿನ ಮೇಲೆ ಊರಿ, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟು ಎದ್ದರು.

ನಾನು ಏನೂ ಹೇಳಲಿಲ್ಲ. ಮರುದಿನ ಮಷಿನ್ ಪಕ್ಕದ ಗೋಡೆಗೆ, ಕುಳಿತವರ ಭುಜದ ಎತ್ತರದಲ್ಲಿ, ಉಕ್ಕಿನ ಹಿಡಿಗಂಬಿಯೊಂದನ್ನು ನಾಲ್ಕು ಸ್ಕ್ರೂ ಹಾಕಿ ಬಿಗಿದೆ. ನನ್ನ ಭಾರವನ್ನೆಲ್ಲ ಹಾಕಿ ಜೋತು ನೋಡಿದೆ, ಅಲುಗಲಿಲ್ಲ. ಮುಂದೆ ಒಂದು ಗಿಡ್ಡ ಸ್ಟೂಲ್ ಇಟ್ಟೆ. ಮೂರು ವಾರವಾಗಿದೆ. ಅಂಟುಪಟ್ಟಿಯನ್ನು ಹಾಗೆಯೇ ಬಿಟ್ಟಿದ್ದೇನೆ, ನಿನ್ನೆ ಅಳೆದಾಗಲೂ ಎರಡು ಗೆರೆ ಒಂದರ ಮೇಲೊಂದು ಕೂತಿದ್ದವು. ಅಮ್ಮ ಈಗ ಬಾಗಿಲನ್ನು ಒಂದೇ ಬೆರಳಿನಿಂದ ತಳ್ಳಿ ಮುಚ್ಚುತ್ತಾರೆ, ಗಂಬಿ ಹಿಡಿದು ಏಳುತ್ತಾರೆ.